ಎರಡಿಂಚು ಎತ್ತರಕ್ಕೆ ಎಂಬತ್ತು ವರ್ಷ

ಎಸ್‌ಯುವಿಯನ್ನ ಎರಡು, ಮೂರು, ನಾಲ್ಕು ಇಂಚು ಎತ್ತರಿಸೋಕೆ ಬರೋ ಸಾಮಾನಿಗೆ ಲಿಫ್ಟ್ ಕಿಟ್ ಅಂತಾರೆ. ಅಮೆರಿಕದಲ್ಲಿ ಇದು ಮನೆ ಗ್ಯಾರೇಜಿನಲ್ಲಿ ಮಾಡಿಕೊಳ್ಳೋ ಕೆಲಸ. ಶನಿವಾರ ಬೆಳಗ್ಗೆ ಜ್ಯಾಕ್ ಹಾಕಿ, ಭಾನುವಾರ ಸಂಜೆ ಇಳಿಸಿ, ಸೋಮವಾರ ಅದೇ ಗಾಡೀಲಿ ಆಫೀಸಿಗೆ ಹೋಗೋದು. ಆ ವಿಡಿಯೊಗಳನ್ನ ನೀವೂ ನೋಡಿರ್ತೀರಿ. ನಮ್ಮಲ್ಲೂ ಈಗ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಈ ಪೆಟ್ಟಿಗೆ ಬಿಚ್ಚೋರು ಕಾಣ್ತಿದ್ದಾರೆ. ನನ್ನ ಚಿಕ್ಕಪ್ಪನ ಮಗ ಒಂದು ಹಳೇ ಜಿಪ್ಸಿ ಕೊಂಡಿದ್ದಾನೆ. "ಅಣ್ಣಾ, ನೀನು ಬಿಇ ಮಾಡಿದೀಯಲ್ಲ, ಸ್ವಲ್ಪ ನೋಡು" ಅಂತ ಒಂದು ಕಿಟ್‌ನ ಸಾಮಾನಿನ ಪಟ್ಟಿ ಕಳಿಸಿದ. ನಾನು ಓದಿದ್ದು ಕಂಪ್ಯೂಟರ್ ಸೈನ್ಸು ಅಂತ ಹೇಳಿ ಪ್ರಯೋಜನ ಇಲ್ಲ. ನಮ್ಮೂರಲ್ಲಿ ಬಿಇ ಅಂದ್ರೆ ಟಿವಿಯಿಂದ ಟ್ರ್ಯಾಕ್ಟರ್‌ವರೆಗೆ ಎಲ್ಲಾ ರಿಪೇರಿ ಬರಬೇಕು.

ಪಟ್ಟಿಯ ಮೊದಲ ಎರಡು ಸಾಲು ನಾವು ಊಹಿಸಿದ್ದೇ. ನಾಲ್ಕು ಸ್ಪ್ರಿಂಗು, ನಾಲ್ಕು ಉದ್ದನೆಯ ಶಾಕ್ ಅಬ್ಸಾರ್ಬರು. ಗಾಡಿ ಎತ್ತರ ಆಗೋಕೆ ಇಷ್ಟು ಸಾಕಲ್ಲ? ಆದ್ರೆ ಪಟ್ಟಿ ಅಲ್ಲಿಗೆ ನಿಲ್ಲಲ್ಲ. ಉದ್ದದ ಬ್ರೇಕ್ ಹೋಸ್. ಸೊಟ್ಟಗೆ ಬಗ್ಗಿಸಿದ ಒಂದು ಸ್ಟೇರಿಂಗ್ ರಾಡ್. ನೇಗಿಲಿಗೆ ಹೊಡೆಯೋ ಬೆಣೆಯ ಹಾಗಿರೋ ಕಬ್ಬಿಣದ ತುಂಡುಗಳು. ಗೇರ್‌ಬಾಕ್ಸನ್ನ ಸ್ವಲ್ಪ ಕೆಳಗಿಳಿಸೋಕೆ ಬಿಲ್ಲೆಗಳು. ಹೊಸ ಯು ಬೋಲ್ಟ್‌ಗಳು. ಕೊನೆಗೆ ಒಂದು ಸ್ಟಿಕರ್.

ಗಾಡಿ ಎತ್ತರಿಸೋಕೆ ಬಂದ ಪೆಟ್ಟಿಗೆಯಲ್ಲಿ ಗೇರ್‌ಬಾಕ್ಸ್ ಇಳಿಸೋ ಬಿಲ್ಲೆ ಯಾಕೆ? ಹಳೇ ಕೋಡಿನಲ್ಲಿ ಅರ್ಥವೇ ಆಗದ ನಾಲ್ಕು ಸಾಲು ಕಂಡಾಗ ನಾವೇನ್ಮಾಡ್ತೀವಿ? ಕಮಿಟ್ ಹಿಸ್ಟರಿ ತೆಗೆದು ಯಾವ ಬಗ್‌ಗೆ ಯಾರು ಹಾಕಿದ್ರು ಅಂತ ನೋಡ್ತೀವಿ. ಈ ಪಟ್ಟಿಯನ್ನೂ ಹಾಗೇ ನೋಡಬೇಕು. ಪೆಟ್ಟಿಗೆಯ ಒಂದೊಂದು ಸಾಮಾನೂ ಹಿಂದೆ ಎಲ್ಲೋ ಯಾರದೋ ಗಾಡಿಯಲ್ಲಿ ಹರಿದಿದ್ದಕ್ಕೆ, ಮುರಿದಿದ್ದಕ್ಕೆ, ಮಗುಚಿದ್ದಕ್ಕೆ ಹಾಕಿದ ತೇಪೆ.

ಮೊದಲು ಕಮಾನಿನ ಕಥೆ. ನಮ್ಮ ಎತ್ತಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ. ಮರದ ಚಕ್ರ, ಕಬ್ಬಿಣದ ಪಟ್ಟಿ, ಅಚ್ಚಿನ ಮೇಲೆ ನೇರವಾಗಿ ಗಾಡಿಯ ಮೈ. ಕಲ್ಲಿನ ಮೇಲೆ ಹತ್ತಿದ್ರೆ ಆ ಕಲ್ಲು ಬೆನ್ನುಮೂಳೆಗೇ ಗೊತ್ತಾಗೋದು. ಯುರೋಪಿನಲ್ಲಿ ಶ್ರೀಮಂತರ ಕುದುರೆ ಸಾರೋಟಿಗೆ ಚರ್ಮದ ಪಟ್ಟಿಯಲ್ಲಿ ಮೈಯನ್ನ ತೊಟ್ಟಿಲಿನ ಹಾಗೆ ನೇತುಹಾಕ್ತಿದ್ರು. 1804ರ ಸುಮಾರಿಗೆ ಇಂಗ್ಲೆಂಡಿನ ಒಬದಾಯ ಎಲಿಯಟ್ ಅನ್ನೋ ಸಾರೋಟು ಕಟ್ಟುವವನು ಉಕ್ಕಿನ ಪಟ್ಟಿಗಳನ್ನ ಒಂದರ ಮೇಲೊಂದು ಪೇರಿಸಿ, ಬಿಲ್ಲಿನ ಹಾಗೆ ಬಗ್ಗಿಸಿ, ಎರಡು ಬಿಲ್ಲನ್ನ ಎದುರುಬದುರು ಜೋಡಿಸಿದ ಸ್ಪ್ರಿಂಗಿಗೆ ಪೇಟೆಂಟ್ ತಗೊಂಡ. ಅದರ ಅರ್ಧ ಭಾಗವೇ ಮುಂದೆ ಕಾರು, ಲಾರಿ, ಜೀಪುಗಳ ಹೊಟ್ಟೆ ಕೆಳಗೆ ಬಂದಿದ್ದು. ಇಂಗ್ಲಿಷಲ್ಲಿ ಲೀಫ್ ಸ್ಪ್ರಿಂಗು, ನಮ್ಮ ಗ್ಯಾರೇಜುಗಳಲ್ಲಿ ಕಮಾನು ಪಟ್ಟಿ. ಕಮಾನು ಅಂದ್ರೆ ಬಿಲ್ಲೇ ಅಲ್ವಾ, ಹೆಸರು ಸರಿಯಾಗೇ ಕೂತಿದೆ. ಲಾರಿಯಿಂದ ಬಿಚ್ಚಿದ ಹಳೇ ಪಟ್ಟಿ ನಮ್ಮೂರ ಕುಲುಮೆಗೆ ಬಂದ್ರೆ ಮಚ್ಚಾಗ್ತಿತ್ತು. ಅಂಥ ಉಕ್ಕು ಅದು.

ಕಮಾನು ಕೂತಿರೋ ರೀತಿ ಗೊತ್ತಿದ್ರೆ ಮುಂದಿನದು ಸುಲಭ. ಎಲ್ಲಕ್ಕಿಂತ ಉದ್ದದ ಪಟ್ಟಿಯ ಎರಡೂ ತುದಿ ಸುರುಳಿ ಸುತ್ತಿ ಕಣ್ಣು ಮಾಡಿರ್ತಾರೆ. ಒಂದು ಕಣ್ಣು ಚಾಸಿಸ್‌ಗೆ ನೇರ ಬೋಲ್ಟ್. ಇನ್ನೊಂದು, ಶಾಕಲ್ ಅನ್ನೋ ಜೋಲಾಡುವ ಕೊಂಡಿಗೆ, ಯಾಕಂದ್ರೆ ಭಾರ ಬಿದ್ದು ಬಿಲ್ಲು ಚಪ್ಪಟೆ ಆದಾಗ ಅದರ ಉದ್ದ ಜಾಸ್ತಿಯಾಗುತ್ತೆ. ನಡುವೆ ಆಕ್ಸಲ್‌ಗೆ ಯು ಬೋಲ್ಟ್ ಹಾಕಿ ಬಿಗಿದಿರ್ತಾರೆ. ಆಕ್ಸಲ್ ಕಮಾನಿನ ಮೇಲಿರಬೇಕಾ, ಕೆಳಗಿರಬೇಕಾ? ಸಣ್ಣ ಪ್ರಶ್ನೆ ಅನ್ಸುತ್ತೆ. ಮನೆಯಲ್ಲಿ ಗಾಡಿ ಎತ್ತರಿಸೋ ಚಟದ ಅರ್ಧ ಇತಿಹಾಸ ಇದರೊಳಗೇ ಇದೆ.

1940ರ ಬೇಸಿಗೆ. ಫ್ರಾನ್ಸ್ ಬಿದ್ದಿದೆ. ಅಮೆರಿಕದ ಸೈನ್ಯಕ್ಕೆ ಕುದುರೆ, ಸೈಡ್‌ಕಾರ್ ಬೈಕುಗಳ ಜಾಗಕ್ಕೆ ಒಂದು ಪುಟ್ಟ ಫೋರ್ ವೀಲ್ ಡ್ರೈವ್ ಗಾಡಿ ಬೇಕು, ಅದೂ ಅರ್ಜೆಂಟಾಗಿ. 135 ಕಂಪನಿಗಳಿಗೆ ಕರೆ ಹೋಯ್ತು. ಮೊದಲ ಮಾದರಿಗೆ ಕೊಟ್ಟ ಗಡುವು 49 ದಿನ. (ನಮ್ಮ ಸ್ಪ್ರಿಂಟ್ ಪ್ಲಾನಿಂಗ್ ಬಗ್ಗೆ ಗೊಣಗೋರು ಇದನ್ನ ನೆನಪಿಟ್ಟುಕೊಳ್ಳಿ.) ತೂಕ 1300 ಪೌಂಡ್ ಮೀರಬಾರದು ಅಂತ ಷರತ್ತು, ಅಂದ್ರೆ 590 ಕೆಜಿ. ಅದು ಯಾರಿಂದಲೂ ಆಗಲಿಲ್ಲ, ಷರತ್ತನ್ನೇ ಸಡಿಲಿಸಬೇಕಾಯ್ತು. ಬ್ಯಾಂಟಮ್ ಅನ್ನೋ ಮುಳುಗ್ತಿದ್ದ ಸಣ್ಣ ಕಂಪನಿಗೆ ಕಾರ್ಲ್ ಪ್ರಾಬ್ಸ್ಟ್ ಅನ್ನೋ ಎಂಜಿನಿಯರ್ ನಕ್ಷೆ ಮಾಡಿಕೊಟ್ಟ. ಸೆಪ್ಟೆಂಬರ್ 23ಕ್ಕೆ ಗಾಡಿ ಸೈನ್ಯದ ಪರೀಕ್ಷಾ ಮೈದಾನಕ್ಕೆ ಬಂತು. ಕೊನೆಗೆ ಹೆಚ್ಚಿನ ಆರ್ಡರ್ ಸಿಕ್ಕಿದ್ದು ವಿಲ್ಲಿಸ್‌ಗೆ, ಫೋರ್ಡ್‌ಗೆ. ಇಬ್ಬರೂ ಸೇರಿ ಯುದ್ಧ ಮುಗಿಯೋ ಹೊತ್ತಿಗೆ ಸುಮಾರು 6 ಲಕ್ಷ 40 ಸಾವಿರ ಜೀಪು ಮಾಡಿದ್ರು.

ಸೈನ್ಯದ ಇನ್ನೊಂದು ಬೇಡಿಕೆ, ಗಾಡಿ ಗಿಡ್ಡಗಿರಬೇಕು. ಬೇಲಿ ಹಿಂದೆ, ಪೊದೆ ಹಿಂದೆ ನಿಲ್ಲಿಸಿದ್ರೆ ಶತ್ರುವಿನ ಕಣ್ಣಿಗೆ ಬೀಳಬಾರದು. ಮುಂದಿನ ಗಾಜನ್ನೂ ಮಡಚಿ ಮಲಗಿಸೋ ಹಾಗೆ ಮಾಡಿದ್ದು ಅದಕ್ಕೇ. ವಿಲ್ಲಿಸ್ ಎಂಬಿಯಲ್ಲಿ ಕಮಾನು ಆಕ್ಸಲ್‌ನ ಕೆಳಗೆ ಕೂತಿದೆ, ಮುಂದೂ ಹಿಂದೂ. ಹೀಗೆ ಕೂರಿಸಿದ್ರೆ ಗಾಡಿಯ ಮೈ ನಾಲ್ಕೈದು ಇಂಚು ಕೆಳಗೆ ಬರುತ್ತೆ. ಅಂದ್ರೆ ಇವತ್ತು ನಾವು 'ಆಫ್‌ರೋಡ್ ಎತ್ತರ'ದ ದೇವರು ಅಂತ ಪೂಜೆ ಮಾಡೋ ಜೀಪು ಹುಟ್ಟಿದ್ದೇ ಗಿಡ್ಡಗಿರೋಕೆ. ಅದರ ಗ್ರೌಂಡ್ ಕ್ಲಿಯರೆನ್ಸ್ 8¾ ಇಂಚು, 222 ಮಿಮೀ. 2020ರಲ್ಲಿ ಬಂದ ಹೊಸ ಥಾರ್‌ದು 226 ಮಿಮೀ. ಎಂಬತ್ತು ವರ್ಷದಲ್ಲಿ ನಾಲ್ಕು ಮಿಲಿಮೀಟರ್!

ಅದೇ ಗಿಡ್ಡ ಜೀಪನ್ನ ನಮ್ಮಲ್ಲಿ ಮಹೀಂದ್ರ 1947ರಿಂದ ಬೊಂಬಾಯಿಯಲ್ಲಿ ಜೋಡಿಸೋಕೆ ಶುರು ಮಾಡಿತು. ಕಂಪನಿ ಅದಕ್ಕೆ ಎರಡು ವರ್ಷ ಮುಂಚೆ ಹುಟ್ಟಿದಾಗ ಹೆಸರು 'ಮಹೀಂದ್ರ ಆ್ಯಂಡ್ ಮೊಹಮ್ಮದ್'. ಪಾಲುದಾರ ಗುಲಾಂ ಮೊಹಮ್ಮದ್ ದೇಶ ವಿಭಜನೆ ಆದಾಗ ಆಕಡೆ ಹೋಗಿ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದ. ಅದು ಬೇರೆಯೇ ಕಥೆ, ಇನ್ನೊಂದಿನ ಬರೀತೀನಿ.

ಎತ್ತರದ ಚಟ ಹತ್ತಿದ್ದು ಯುದ್ಧ ಮುಗಿದ ಮೇಲೆ. ಸೈನ್ಯದಲ್ಲಿ ಜೀಪು ಓಡಿಸಿದ್ದ ಹುಡುಗರು ಊರಿಗೆ ವಾಪಸು ಬಂದ್ರು, ಉಳಿಕೆ ಜೀಪುಗಳೂ ಮಾರಾಟಕ್ಕೆ ಬಂದವು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟದಲ್ಲಿ ರುಬಿಕಾನ್ ಅನ್ನೋ ಬರೀ ಬಂಡೆಗಳ ದಾರಿ ಇದೆ. 1953ರಲ್ಲಿ ಅಲ್ಲಿ ಮೊದಲ ಸಲ ಜೀಪುಗಳ ಜಾತ್ರೆ ಥರ ಒಂದು ಯಾತ್ರೆ ಹೊರಟಿತು, ಅದು ಇವತ್ತಿಗೂ ನಡೀತಿದೆ. ಯೂಟಾದ ಮೋಆಬ್‌ನಲ್ಲಿ 1967ರಿಂದ ಈಸ್ಟರ್ ಹೊತ್ತಿಗೆ ಇಂಥದ್ದೇ ಇನ್ನೊಂದು. ಬಂಡೆ ಹತ್ತೋಕೆ ಹೋದವರಿಗೆಲ್ಲ ಒಂದೇ ಪಾಠ: ಸಣ್ಣ ಟೈರಿನಿಂದ ಆಗಲ್ಲ, ದೊಡ್ಡದು ಬೇಕು. ದೊಡ್ಡ ಟೈರ್ ಹಾಕಿದ್ರೆ ಮಡ್‌ಗಾರ್ಡಿಗೆ ಉಜ್ಜುತ್ತೆ. ಆಗ ಮಡ್‌ಗಾರ್ಡ್ ಕತ್ತರಿಸಬೇಕು, ಇಲ್ಲಾ ಮೈಯನ್ನ ಮೇಲೆತ್ತಬೇಕು.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು, ಯಾಕಂದ್ರೆ ಕಿಟ್ ಕೊಳ್ಳೋರಲ್ಲಿ ಹೆಚ್ಚಿನವರು ಇದನ್ನ ಉಲ್ಟಾ ತಿಳ್ಕೊಂಡಿರ್ತಾರೆ. ಗಟ್ಟಿ ಆಕ್ಸಲ್ ಇರೋ ಗಾಡಿಯಲ್ಲಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರ ಇರೋದು ಆಕ್ಸಲ್‌ನ ನಡುವೆ ಕುಂಬಳಕಾಯಿ ಥರ ಊದಿಕೊಂಡಿರೋ ಡಿಫರೆನ್ಷಿಯಲ್. ಕಲ್ಲಿಗೆ ಮೊದಲು ಬಡಿಯೋದು ಅದು. ಸ್ಪ್ರಿಂಗ್ ಬದಲಾಯಿಸಿ ಮೈಯನ್ನ ಹತ್ತು ಇಂಚು ಎತ್ತಿದ್ರೂ ಆ ಕುಂಬಳಕಾಯಿ ಇದ್ದಲ್ಲೇ ಇರುತ್ತೆ, ಒಂದು ಮಿಲಿಮೀಟರ್ ಕೂಡ ಮೇಲೇಳಲ್ಲ. ಅದನ್ನ ಮೇಲೆತ್ತೋದು ಟೈರ್ ಮಾತ್ರ, ಅದೂ ಟೈರಿನ ವ್ಯಾಸ ಎರಡಿಂಚು ಹೆಚ್ಚಾದ್ರೆ ಒಂದಿಂಚು. ಲಿಫ್ಟ್‌ನಿಂದ ಸಿಗೋದು ಆ ಟೈರಿಗೆ ಜಾಗ, ಮತ್ತೆ ಬಂಪರ್ ಹೊಟ್ಟೆ ತಗಲದೆ ದಿಬ್ಬ ಹತ್ತಿ ಇಳಿಯೋ ಕೋನ. ಇವು ಬೇಕಾದೋರಿಗೆ ಬೇಕು, ಬೇಡ ಅನ್ನಲ್ಲ. ಆದ್ರೆ ಮಾಮೂಲಿ ಟೈರನ್ನೇ ಇಟ್ಕೊಂಡು ನಾಲ್ಕಿಂಚು ಲಿಫ್ಟ್ ಹಾಕಿದ ಗಾಡಿ ಕಂಡ್ರೆ ನಂಗೆ ಹೈ ಹೀಲ್ಸ್ ಹಾಕ್ಕೊಂಡು ಗದ್ದೆಗಿಳಿದೋರು ನೆನಪಾಗ್ತಾರೆ.

ಶುರುವಿನ ವರ್ಷಗಳಲ್ಲಿ ಕಿಟ್ ಗಿಟ್ ಏನೂ ಇರಲಿಲ್ಲ. ಹಿತ್ತಲಲ್ಲಿ ಸಿಕ್ಕಿದ್ದರಲ್ಲೇ ಕೆಲಸ. ಎಲ್ಲಕ್ಕಿಂತ ಅಗ್ಗದ ದಾರಿ ಶಾಕಲ್ ಉದ್ದ ಮಾಡೋದು, ಎರಡು ಪಟ್ಟಿ ಕತ್ತರಿಸಿ ತೂತು ಹೊಡೆದ್ರೆ ಆಯ್ತು. ಶಾಕಲ್ ಎರಡಿಂಚು ಬೆಳೆದ್ರೆ ಗಾಡಿ ಒಂದಿಂಚು ಏಳುತ್ತೆ, ಕಮಾನಿನ ಒಂದೇ ತುದಿ ಇಳಿಯೋದಲ್ವಾ. ಆದ್ರೆ ಹಾಗೆ ಮಾಡಿದಾಗ ಆಕ್ಸಲ್ ತನ್ನ ಸುತ್ತಲೇ ಸ್ವಲ್ಪ ತಿರುಗುತ್ತೆ. ಮುಂದಿನ ಆಕ್ಸಲ್ ತಿರುಗಿದ್ರೆ ಕ್ಯಾಸ್ಟರ್ ಕೋನ ಬದಲಾಗುತ್ತೆ. ಸೈಕಲ್ ಕೈಬಿಟ್ಟು ಓಡಿಸಿದ್ರೂ ನೇರ ಹೋಗೋದು ಆ ಥರದ ಕೋನದಿಂದಲೇ, ಅದು ಕೆಟ್ಟರೆ ಸ್ಟೇರಿಂಗ್ ದಾರಿ ತಪ್ಪಿದ ಮೇಕೆ ಆಗುತ್ತೆ. ಬೆಣೆ ಆಕಾರದ ತುಂಡುಗಳು ಪೆಟ್ಟಿಗೆಗೆ ಬಂದಿದ್ದು ಈ ಥರ ತಪ್ಪಿದ ಕೋನಗಳನ್ನ ಸರಿ ಮಾಡೋಕೆ. ಕಮಾನಿಗೂ ಆಕ್ಸಲ್‌ಗೂ ನಡುವೆ ಇಟ್ಟು ಬಿಗಿದ್ರೆ ಆಕ್ಸಲ್ ಎರಡು ಡಿಗ್ರಿ, ನಾಲ್ಕು ಡಿಗ್ರಿ ತಿರುಗಿ ನಿಲ್ಲುತ್ತೆ.

ಪಿಕಪ್ ಇಟ್ಟುಕೊಂಡೋರು ಹಿಂದಿನ ಆಕ್ಸಲ್‌ಗೂ ಕಮಾನಿಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಉದ್ದನೆ ಯು ಬೋಲ್ಟ್ ಬಿಗಿದ್ರು. ಬ್ಲಾಕ್ ಎತ್ತರ ಆದಷ್ಟೂ ಆಕ್ಸಲ್‌ಗೆ ಕಮಾನನ್ನ ತಿರುಚೋ ಬಲ ಜಾಸ್ತಿ, ಸನಿಕೆ ಹಿಡಿ ಉದ್ದ ಇದ್ದಷ್ಟೂ ಕಲ್ಲು ಸುಲಭವಾಗಿ ಮೀಟೋ ಹಾಗೆ. ಮುಂದಿನ, ಸ್ಟೇರಿಂಗ್ ಇರೋ ಆಕ್ಸಲ್‌ಗೆ ಬ್ಲಾಕ್ ಇಡಲೇಬಾರದು ಅನ್ನೋ ನಿಯಮ ಬಂದಿದ್ದು ಬ್ಲಾಕ್ ಜಾರಿ ಚಕ್ರಗಳು ದಿಕ್ಕು ತಪ್ಪೋ ಭಯದಿಂದ. ಇನ್ನು ಒಂದು ಸಲ ಬಿಗಿದು ಬಿಚ್ಚಿದ ಯು ಬೋಲ್ಟ್ ಎಳೆದುಕೊಂಡಿರುತ್ತೆ, ಮತ್ತೆ ಅದೇ ಬಿಗಿತ ಹಿಡಿಯಲ್ಲ. ಅದಕ್ಕೇ ಕಿಟ್‌ಗೆ ಹೊಸದು ಬರುತ್ತೆ, ಹಾಕಿ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಿಡಿದು ಬಿಗೀಬೇಕು. ಮನೇಲಿ ಮಾಡೋರು ಮರೆಯೋದು ಇದನ್ನೇ.

ಜೀಪಿನವರ ರಾಜಮಾರ್ಗ ಬೇರೆ. ಸೈನ್ಯ ಆಕ್ಸಲ್‌ನ ಕೆಳಗೆ ಇಟ್ಟಿದ್ದ ಕಮಾನನ್ನ ಬಿಚ್ಚಿ ಮೇಲೆ ಕೂರಿಸಿಬಿಡೋದು. ಹೊಸ ಸ್ಪ್ರಿಂಗ್ ಬೇಡ, ಆಕ್ಸಲ್ ಮೇಲೆ ಕಮಾನು ಕೂರೋಕೆ ನಾಲ್ಕು ಪೀಠ ವೆಲ್ಡ್ ಮಾಡಿದ್ರೆ ಸಾಕು, ಒಂದೇ ಏಟಿಗೆ ಸುಮಾರು ಐದಿಂಚು. ಸ್ಪ್ರಿಂಗ್ ಓವರ್ ಅಂತಾರೆ. 1940ರಲ್ಲಿ ಸೈನ್ಯಕ್ಕೋಸ್ಕರ ಕೆಳಗಿಳಿಸಿದ್ದನ್ನ ಹಿತ್ತಲ ವೆಲ್ಡರುಗಳು ವಾಪಸು ಮೇಲಕ್ಕೆ ಹತ್ತಿಸಿದ ಹಾಗೆ. ನಮ್ಮ ಮಹೀಂದ್ರದ ಹಳೇ ಸಿಜೆ ಜೀಪಿಗೂ, ಮಾರುತಿ ಜಿಪ್ಸಿಗೂ ಇದೇ ಕೆಲಸ ಮಾಡಿಸ್ತಾರೆ, ಯಾಕಂದ್ರೆ ಜಿಪ್ಸಿಯಲ್ಲೂ ಕಮಾನು ಇರೋದು ಆಕ್ಸಲ್ ಕೆಳಗೇ.

ಐದಿಂಚು ಏರಿದ ಮೇಲೆ ಶುರುವಾಯ್ತು ನೋಡಿ, ಬಗ್ ಮೇಲೆ ಬಗ್. ಚಾಸಿಸ್‌ನಿಂದ ಆಕ್ಸಲ್‌ಗೆ ಇಳಿಯೋ ಬ್ರೇಕ್ ಹೋಸ್ ರಬ್ಬರಿನದು, ಅಳತೆಗೆ ತಕ್ಕಷ್ಟೇ ಉದ್ದ. ಒಂದು ಚಕ್ರ ಹಳ್ಳಕ್ಕಿಳಿದಾಗ ಎಳೆದು ಹರಿದ್ರೆ ಆ ಚಕ್ರಕ್ಕೆ ಮಾತ್ರ ಬ್ರೇಕ್ ಹೋಗೋದಲ್ಲ. ಹಳೇ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕೀಟು. ಉದ್ದದ ಹೋಸ್ ಪಟ್ಟಿಗೆ ಸೇರಿತು. ಆಮೇಲೆ ಪ್ರೊಪೆಲ್ಲರ್ ಶಾಫ್ಟ್. ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಇಳಿಯೋ ಆ ಕೊಳವೆ ಕಡಿದಾಗಿ ಇಳಿದ್ರೆ ಅದರ ಕ್ರಾಸ್ ಜಾಯಿಂಟು ಸುತ್ತಿಗೆ ಎರಡು ಸಲ ತಗ್ಗಿ ಹೆಚ್ಚಿ ಗಡಗಡ ನಡುಗುತ್ತೆ, ಬೇಗ ಸವೆಯುತ್ತೆ. ಗೇರ್‌ಬಾಕ್ಸನ್ನೇ ಒಂದಿಂಚು ಇಳಿಸಿದ್ರೆ ಕೋನ ತಗ್ಗುತ್ತೆ. ಬಿಲ್ಲೆಗಳ ಗುಟ್ಟು ಅದು. ಎತ್ತರಿಸೋಕೆ ಅಂತ ದುಡ್ಡು ಕೊಟ್ಟು, ಅದರಲ್ಲೇ ಒಂದಿಂಚು ವಾಪಸು ಇಳಿಸೋ ಸಾಮಾನು.

ಸ್ಟೇರಿಂಗ್ ಕಥೆ ಇನ್ನೂ ಚೆನ್ನಾಗಿದೆ. ಸ್ಟೇರಿಂಗ್ ಬಾಕ್ಸ್ ಚಾಸಿಸ್ ಮೇಲೆ, ಚಕ್ರ ಆಕ್ಸಲ್ ಮೇಲೆ, ಎರಡನ್ನೂ ಸೇರಿಸೋದು ಒಂದು ರಾಡ್. ಅದು ಮಟ್ಟವಾಗಿದ್ದಾಗ ಚಕ್ರ ಮೇಲೆ ಕೆಳಗೆ ಆದ್ರೂ ಸ್ಟೇರಿಂಗಿಗೆ ಗೊತ್ತಾಗಲ್ಲ. ಗಾಡಿ ಎತ್ತಿದ ಮೇಲೆ ರಾಡ್ ಇಳಿಜಾರಾಗುತ್ತೆ, ಆಗ ಪ್ರತೀ ಗುಂಡಿಯೂ ಒಂದು ತಿರುವು. ನೀವು ಸ್ಟೇರಿಂಗ್ ಅಲ್ಲಾಡಿಸದೇ ಇದ್ರೂ ಗಾಡಿ ತಾನೇ ಪಕ್ಕಕ್ಕೆ ಜಿಗಿಯುತ್ತೆ. ಜಿಪ್ಸಿಯ ಅಣ್ಣತಮ್ಮ ಸಮುರಾಯ್‌ಗೆ ಸ್ಪ್ರಿಂಗ್ ಓವರ್ ಮಾಡಿದೋರು ರಾಡನ್ನ ಝಡ್ ಆಕಾರದಲ್ಲಿ ಬಗ್ಗಿಸಿ ಸಮಾಧಾನ ಮಾಡಿಕೊಂಡ್ರು, ಆಮೇಲೆ ಬಂದೋರು ಇಡೀ ಜೋಡಣೆಯನ್ನೇ ಆಕ್ಸಲ್ ಮೇಲಕ್ಕೆ ತಂದ್ರು. ಚಿಕ್ಕಪ್ಪನ ಮಗನ ಪಟ್ಟಿಯಲ್ಲಿದ್ದ ಸೊಟ್ಟ ರಾಡ್ ಆ ಮೊದಲ ತೇಪೆ.

ಎಪ್ಪತ್ತರ ದಶಕದ ಹೊತ್ತಿಗೆ ಹಿತ್ತಲ ವಿದ್ಯೆ ಪೆಟ್ಟಿಗೆಯೊಳಗೆ ಸೇರಿ ಉದ್ಯಮ ಆಯ್ತು. ಸೇಂಟ್ ಲೂಯಿಸ್‌ನ ಬಾಬ್ ಚಾಂಡ್ಲರ್ ತನ್ನ 1974ರ ಫೋರ್ಡ್ ಪಿಕಪ್ಪನ್ನ ಎತ್ತರಿಸುತ್ತಾ ಹೋಗಿ, 1981ರಲ್ಲಿ ಗುಜರಿ ಕಾರುಗಳ ಮೇಲೆ ಹತ್ತಿಸಿ ಅಪ್ಪಚ್ಚಿ ಮಾಡಿದ. ಹೆಸರು ಬಿಗ್‌ಫುಟ್. ಮಾನ್ಸ್‌ಟರ್ ಟ್ರಕ್ ಅನ್ನೋ ಆಟ ಅಲ್ಲಿಂದ ಶುರು. ನಮ್ಮ ಮಕ್ಕಳು ಟಿವಿ ಮುಂದೆ ಕೂತು ನೋಡೋದು ಅದೇ.

ಇನ್ನೊಂದು ಕಡೆ ಬೇರೆಯೇ ಲೆಕ್ಕ ನಡೀತಿತ್ತು. 1980ರ ಡಿಸೆಂಬರಲ್ಲಿ ಅಮೆರಿಕದ '60 ಮಿನಿಟ್ಸ್' ಟಿವಿ ಕಾರ್ಯಕ್ರಮ ಜೀಪ್ ಸಿಜೆ-5 ತಿರುವಿನಲ್ಲಿ ಮಗುಚೋದನ್ನ ತೋರಿಸಿತು. ದೇಶ ಪೂರ್ತಿ ಗದ್ದಲ. 1984ರಿಂದ ಇಂಥ ಗಿಡ್ಡ ವೀಲ್‌ಬೇಸಿನ ಗಾಡಿಗಳಲ್ಲಿ ಡ್ರೈವರ್ ಕಣ್ಣಿಗೆ ಬೀಳೋ ಹಾಗೆ ಎಚ್ಚರಿಕೆ ಚೀಟಿ ಅಂಟಿಸಲೇಬೇಕು ಅಂತ ಸರ್ಕಾರ ನಿಯಮ ಮಾಡಿತು: ಈ ಗಾಡಿ ಮಾಮೂಲಿ ಕಾರಿನ ಥರ ಅಲ್ಲ, ದಿಢೀರನೆ ತಿರುಗಿಸಬೇಡಿ. ಕಿಟ್ ಪೆಟ್ಟಿಗೆಯ ತಳದಲ್ಲಿರೋ ಸ್ಟಿಕರ್ ಅದೇ ವಂಶದ್ದು. ಯಾರೂ ಅಂಟಿಸಲ್ಲ. ಸಿಜೆ ಸರಣಿ ಮುಗಿದು 1987ರ ಮಾದರಿಯಾಗಿ ರ‍್ಯಾಂಗ್ಲರ್ ಬಂದಾಗ ಕಂಪನಿ ಗಾಡಿಯನ್ನ ಅಗಲ ಮಾಡಿ ತುಸು ತಗ್ಗಿಸಿತು. ಕೊಂಡವರು ಮನೆಗೆ ತಂದು ಲಿಫ್ಟ್ ಹಾಕಿದ್ರು!

1988ರಲ್ಲಿ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ ಸುಜುಕಿ ಸಮುರಾಯ್‌ಗೆ 'ಸ್ವೀಕಾರಾರ್ಹವಲ್ಲ' ಅಂತ ಷರಾ ಬರೆಯಿತು, ತುರ್ತಾಗಿ ತಿರುಗಿಸೋ ಪರೀಕ್ಷೆಯಲ್ಲಿ ಗಾಡಿ ಒಂದು ಬದಿಯ ಚಕ್ರದ ಮೇಲೆ ಎದ್ದಿತ್ತು. ಪರೀಕ್ಷೆಯೇ ಮೋಸ ಅಂತ ಸುಜುಕಿ 1996ರಲ್ಲಿ ಕೋರ್ಟಿಗೆ ಹೋಯ್ತು. 2004ರಲ್ಲಿ ದುಡ್ಡಿನ ವ್ಯವಹಾರ ಇಲ್ಲದೇ ರಾಜಿ ಆಯ್ತು. ಯಾರು ಸರಿ ಅನ್ನೋದರ ಬಗ್ಗೆ ಇವತ್ತಿಗೂ ಜಗಳ ಆಡ್ತಾರೆ. ನಮಗೆ ಬೇಕಾದ್ದು ಬೇರೆ. ನಮ್ಮ ಜಿಪ್ಸಿ, 1985ರ ಡಿಸೆಂಬರಲ್ಲಿ ಬಂದಿದ್ದು, ಅದೇ ಮನೆತನದ ಗಾಡಿ. 1993ರಲ್ಲಿ ಮಾರುತಿ ಜಿಪ್ಸಿಯ ಎಡಬಲ ಚಕ್ರಗಳ ನಡುವಿನ ಅಂತರವನ್ನ 90 ಮಿಮೀ ಅಗಲ ಮಾಡಿತು. ಮುಂದಿನ ಚಕ್ರಗಳದ್ದು 1210 ಇದ್ದಿದ್ದು 1300 ಆಯ್ತು.

ಈ 90 ಮಿಮೀಗೆ ಬೆಲೆ ಎಷ್ಟು? ಬಿಇ ಮೊದಲ ವರ್ಷ ಎಲ್ಲ ಬ್ರ್ಯಾಂಚಿನೋರೂ ಓದೋ ಮೆಕ್ಯಾನಿಕ್ಸ್ ಸಾಕು. ಚಕ್ರಗಳ ಅಂತರದ ಅರ್ಧವನ್ನ ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2001ರಿಂದ ಗಾಡಿಗಳಿಗೆ ಮಗುಚೋ ರೇಟಿಂಗ್ ಕೊಡೋಕೆ ಶುರು ಮಾಡಿದ್ದು ಇದೇ ಲೆಕ್ಕದಿಂದ. ಕಾರುಗಳಿಗೆ ಸಾಮಾನ್ಯವಾಗಿ 1.3ರಿಂದ 1.5 ಬರುತ್ತೆ, ಎಸ್‌ಯುವಿಗಳಿಗೆ 1ರಿಂದ 1.3. ಲೆಕ್ಕಕ್ಕೆ ಅಂತ ಜಿಪ್ಸಿಯ ಗುರುತ್ವ ಕೇಂದ್ರ 620 ಮಿಮೀ ಎತ್ತರದಲ್ಲಿದೆ ಅಂದ್ಕೊಳ್ಳಿ. ಇದು ನನ್ನ ಅಂದಾಜು, ಆದ್ರೆ ಒಂದಿಷ್ಟು ಆಚೀಚೆ ಆದ್ರೂ ಕಥೆ ಬದಲಾಗಲ್ಲ. ಹಳೇ ಅಗಲಕ್ಕೆ 0.98. ಹೊಸ ಅಗಲಕ್ಕೆ 1.05. ಈಗ ಲಿಫ್ಟ್ ಹಾಕಿ ಮೈಯನ್ನ ನಾಲ್ಕಿಂಚು ಎತ್ತಿ. ಆಕ್ಸಲ್, ಚಕ್ರ ಇದ್ದಲ್ಲೇ ಇರೋದರಿಂದ ಒಟ್ಟು ಗುರುತ್ವ ಕೇಂದ್ರ 75 ಮಿಮೀ ಏರಿತು ಅನ್ನೋಣ. 0.94! ಮಾರುತಿ ಅಗಲ ಮಾಡಿ ಗಳಿಸಿಕೊಟ್ಟಿದ್ದು ಹೋಗಿ, 1985ರ ಗಾಡಿಗಿಂತ ಕೆಳಗೆ ಬಂದ್ವಿ. ಗಳಿಸಿದ್ದನ್ನ ಕಳೆಯೋಕೆ ಗುರುತ್ವ ಕೇಂದ್ರ ಬರೀ 46 ಮಿಮೀ ಏರಿದ್ರೆ ಸಾಕು. ಇದರ ಮೇಲೆ ಮೇಲ್ಛಾವಣಿಗೆ ಕ್ಯಾರಿಯರ್, ಟೆಂಟು, ಎರಡು ಕ್ಯಾನ್ ನೀರು ಹಾಕೋರಿದ್ದಾರೆ.

ಚಿಕ್ಕಪ್ಪನ ಮಗನಿಗೆ ಈ ನಾಲ್ಕು ಸಂಖ್ಯೆ ಕಳಿಸಿದೆ. ಅವನು ತಿಂಗಳಿಗೊಂದು ಸಲ ಹೆಂಡತಿ, ಮೂರು ವರ್ಷದ ಮಗಳನ್ನ ಕೂರಿಸ್ಕೊಂಡು ಚಾರ್ಮಾಡಿ ಇಳೀತಾನೆ. ಮಳೆಗಾಲದಲ್ಲಿ ಅಲ್ಲಿ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಸ್ಟೇರಿಂಗ್ ಹೇಗೆ ಎಳೀತೀವಿ ಅನ್ನೋದು ಘಾಟಿ ಓಡಿಸಿದೋರಿಗೆ ಗೊತ್ತು. ಎರಡು ದಿನ ಅವನ ಉತ್ತರ ಬರಲಿಲ್ಲ.

ನಮ್ಮ ಸಕಲೇಶಪುರದ ಕಡೆ ಎಸ್ಟೇಟ್ ಜೀಪಿನ ಡ್ರೈವರುಗಳನ್ನ ನೋಡ್ತಾ ಬೆಳೆದೋನು ನಾನು. ಆಳುಗಳು, ಗೊಬ್ಬರ, ಕಾಫಿ ಮೂಟೆ, ಎಲ್ಲಾ ಒಂದೇ ಜೀಪಲ್ಲಿ. ಕೆಸರಾದ್ರೆ ಟೈರಿಗೆ ಕಬ್ಬಿಣದ ಚೈನ್ ಸುತ್ತೋರು. ಭಾರಕ್ಕೆ ಕಮಾನು ಕೂತುಬಿಟ್ರೆ ಇನ್ನೊಂದು ಪಟ್ಟಿ ಸೇರಿಸೋರು. ಹೀಗೆ ಸೇರಿಸಿದ್ರೆ ಗಾಡಿ ಸ್ವಲ್ಪ ಏಳುತ್ತೆ, ಅಮೆರಿಕದೋರು ಇದನ್ನೂ ಒಂದು ಲಿಫ್ಟ್ ಅಂತ ಮಾರ್ತಾರೆ. ಚಂದಕ್ಕೆ ಅಂತ ಎತ್ತರ ಮಾಡಿಸಿದ ಎಸ್ಟೇಟ್ ಜೀಪು ನಾನು ನೋಡಿದ್ದು ನೆನಪಿಲ್ಲ. ಒಬ್ಬ ಹಿರಿಯ ಡ್ರೈವರನ್ನ ಕೇಳಿದ್ದಕ್ಕೆ "ಮೇಲೆ ಕೂತ್ರೆ ದಾರಿ ಕಾಣ್ಸುತ್ತೆ ಮಾರಾಯ, ಆದ್ರೆ ಗಾಡಿಗೆ ಕಣ್ಣಿಲ್ವಲ್ಲ" ಅಂದ್ರು.

ನಿಮ್ಮಲ್ಲಿ ಹೆಚ್ಚಿನವರ ಎಸ್‌ಯುವಿಗೆ ಕಮಾನೂ ಇಲ್ಲ, ಗಟ್ಟಿ ಆಕ್ಸಲ್ಲೂ ಇಲ್ಲ. ಸಣ್ಣ ಎಸ್‌ಯುವಿಗಳ ಮುಂದಿನ ಚಕ್ರಕ್ಕೆ ಸುರುಳಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿರೋ ಮ್ಯಾಕ್‌ಫರ್ಸನ್ ಸ್ಟ್ರಟ್ಟು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರಿನದು, 1950ರ ಫೋರ್ಡ್ ಕಾನ್ಸಲ್ ಕಾರಿನಿಂದ ಹೆಸರಾಗಿದ್ದು. ಇದಕ್ಕೆ ಲಿಫ್ಟ್ ಅಂದ್ರೆ ಕಂಬದ ತಲೆ ಮೇಲೆ ಒಂದು ಅಲ್ಯುಮಿನಿಯಂ ಬಿಲ್ಲೆ. ನಮ್ಮ ರಸ್ತೆ ಬದಿಯಲ್ಲಿ ಇನ್ನೂ ಅಗ್ಗದ ದೇಸಿ ದಾರಿ ಇದೆ. ಸುರುಳಿಯ ಎರಡು ಸುತ್ತಿನ ನಡುವೆ ರಬ್ಬರ್ ಬಫರ್ ತುರುಕೋದು, ಹಂಪಿಗೆ ಹೊಟ್ಟೆ ತಗಲಬಾರದು ಅಂತ. ಸುರುಳಿಯ ಒಂದು ಸುತ್ತಿಗೆ ಕೆಲಸವೇ ಇಲ್ಲದ ಹಾಗೆ ಆಗಿ ಮಿಕ್ಕ ಸುತ್ತುಗಳ ಮೇಲೆ ಭಾರ ಬೀಳುತ್ತೆ. ಸ್ಟ್ರಟ್ಟಿನ ಸ್ಪ್ರಿಂಗನ್ನ ಮನೇಲಿ ಬಿಚ್ಚೋಕಂತೂ ಹೋಗಬೇಡಿ. ಒತ್ತಿಟ್ಟ ಸುರುಳಿ ಕೈ ತಪ್ಪಿ ಹಾರಿದ್ರೆ ಮುಖ ಮೂತಿ ಉಳಿಯಲ್ಲ. ಕಮಾನು ಪಟ್ಟಿ ಈ ವಿಷಯದಲ್ಲಿ ಸಾಧು ಪ್ರಾಣಿ. ಚಾಸಿಸ್‌ಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್ ಕೆಳಗೆ ಬೇರೆ ಜ್ಯಾಕ್ ಇಟ್ಟು ನಿಧಾನ ಇಳಿಸಿದ್ರೆ ಸುಮ್ಮನೆ ಭಾರ ಬಿಟ್ಟು ಜೋತು ಬೀಳುತ್ತೆ.

ಕಾನೂನು ಏನನ್ನುತ್ತೆ? ಆಸ್ಟ್ರೇಲಿಯಾದ ಹಲವು ರಾಜ್ಯಗಳಲ್ಲಿ ಸ್ಪ್ರಿಂಗಿನಿಂದ 50 ಮಿಮೀ, ಟೈರಿನಿಂದ 25 ಮಿಮೀವರೆಗೆ ಯಾರ ಸರ್ಟಿಫಿಕೇಟೂ ಬೇಡ, ಅದಕ್ಕಿಂತ ಮೇಲೆ ಹೋದ್ರೆ ಎಂಜಿನಿಯರ್ ತಪಾಸಣೆ ಬೇಕು. ಅಳತೆ ಇಟ್ಟು ಗೆರೆ ಎಳೆದಿದ್ದಾರೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಭಿನ್ನವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. ಕೇರಳದಿಂದ ಬಂದ ಒಂದು ಕೇಸಿನಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಗಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಹತ್ತು ಮಿಲಿಮೀಟರಿಗೂ ನೂರು ಮಿಲಿಮೀಟರಿಗೂ ಒಂದೇ ಗೆರೆ ಎಳೆದಿರೋದು ಎಂಜಿನಿಯರಿಂಗ್ ಕಣ್ಣಿಗೆ ಒರಟು ಅನ್ಸುತ್ತೆ. ಆದ್ರೆ ಘಾಟಿಯಲ್ಲಿ ಏನಾದ್ರೂ ಆಗಿ ಇನ್ಶೂರೆನ್ಸ್ ಸರ್ವೇಯರ್ ಟೇಪು ಹಿಡಿದು ಬಂದಾಗ ನನ್ನ ಅಭಿಪ್ರಾಯಕ್ಕೆ ಬೆಲೆ ಇಲ್ಲ.

ಮೂರನೇ ದಿನ ಚಿಕ್ಕಪ್ಪನ ಮಗನ ಮೆಸೇಜು ಬಂತು: "ಅಣ್ಣಾ, ಗಾಡಿ ಹಿಂದೆ ಕುಗ್ಗಿರೋದು ಮಾತ್ರ ನಿಜ ಕಣೋ." ಅದು ಸರಿಯಾದ ಮಾತು. ಇಪ್ಪತ್ತು ಇಪ್ಪತ್ತೈದು ವರ್ಷ ಭಾರ ಹೊತ್ತ ಕಮಾನು ಚಪ್ಪಟೆ ಆಗಿರುತ್ತೆ. ಲಿಫ್ಟ್ ಬೇಕು ಅನ್ನೋ ಎಷ್ಟೋ ಹಳೇ ಗಾಡಿಗಳಿಗೆ ಬೇಕಿರೋದು ಹುಟ್ಟಿದಾಗಿನ ಎತ್ತರ. ಅದನ್ನ ನೋಡೋಕೆ ಪೆಟ್ಟಿಗೆ ಬೇಡ, ಟೈಲರ್ ಟೇಪು ಸಾಕು. ಮಟ್ಟಸವಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಟೈರಿಗೆ ಗಾಳಿ ಸರಿಯಾಗಿ ಹಾಕಿಸಿ, ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ ನಾಲ್ಕೂ ಕಡೆ ಅಳೆಯಿರಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಬಂದ್ರೆ, ಕಮಾನಿನ ಬಿಲ್ಲು ಬಾಗದೆ ನೆಟ್ಟಗಾಗಿದ್ರೆ, ಕಂಪನಿ ಅಳತೆಯ ಹೊಸ ಸೆಟ್ಟು, ಹೊಸ ಬುಷ್ಷು, ಹೊಸ ಯು ಬೋಲ್ಟ್. ಕೆಲಸ ಲಿಫ್ಟ್ ಕಿಟ್‌ನಷ್ಟೇ, ಅದೇ ಶನಿವಾರ ಭಾನುವಾರ. ಬುಷ್ಷಿನ ಬೋಲ್ಟನ್ನ ಮಾತ್ರ ಗಾಡಿ ಚಕ್ರದ ಮೇಲೆ ನಿಂತ ಮೇಲೇ ಪೂರ್ತಿ ಬಿಗೀಬೇಕು, ಇಲ್ಲಾಂದ್ರೆ ರಬ್ಬರ್ ತಿರುಚಿಕೊಂಡು ಆರು ತಿಂಗಳಿಗೇ ಹರಿಯುತ್ತೆ. ಅವನ ಜಿಪ್ಸಿ ಹಿಂದೆ ಬಲಗಡೆ ಎಡಕ್ಕಿಂತ 22 ಮಿಮೀ ತಗ್ಗು ಬಂತು. ಹೊಸ ಕಮಾನು ಹಾಕೋಕೆ ಮುಂದಿನ ಶನಿವಾರ ನಾನೂ ಹೋಗ್ತಿದ್ದೀನಿ, ಟಾರ್ಕ್ ರೆಂಚ್ ಹಿಡಿಯೋಕೆ.